ಉದ್ಯೋಗ ನಷ್ಟದ ಆತಂಕ ಮತ್ತು ಮದ್ಯವ್ಯಸನ: ದೂರವಾಣಿ ಹಾಗೂ ಅಂತರಜಾಲದ ಮೂಲಕ ದೊರೆಯುವ ನೆರವು

ಉದ್ಯೋಗ ಕಳೆದುಕೊಂಡವರಲ್ಲಿ ನಿದ್ರಾಹೀನತೆ, ಎದೆಬಡಿತ, ಮನೆಯವರ ಮುಖ ನೋಡಲು ಹಿಂಜರಿಕೆ ಮುಂತಾದವು ಕಾಣಿಸಿಕೊಳ್ಳುವುದು ಸಾಮಾನ್ಯ. ಮದ್ಯಪಾನದ ಅಭ್ಯಾಸವಿರುವವರಲ್ಲಿ ಈ ಅವಧಿಯಲ್ಲಿ ಕುಡಿತ ಹೆಚ್ಚುವುದುಂಟು. ಕೈಯಲ್ಲಿ ಹಣವಿಲ್ಲದೆ ಒಮ್ಮೆಲೇ ನಿಂತುಹೋಗುವುದೂ ಉಂಟು. ಎರಡನೆಯದನ್ನು ಕುಟುಂಬದವರು ಶುಭಸೂಚನೆಯೆಂದು ಭಾವಿಸಿ ಸುಮ್ಮನಾಗುವ ಸಂಭವ ಹೆಚ್ಚಾಗಿರುವುದರಿಂದ, ಅದನ್ನು ಇಲ್ಲಿ ಮೊದಲು ವಿವರಿಸಲಾಗಿದೆ.

ಹಠಾತ್ತನೆ ಮದ್ಯ ನಿಲ್ಲಿಸಿದಾಗ

ಬಹುಕಾಲದಿಂದ ಪ್ರತಿದಿನ ಅಧಿಕವಾಗಿ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದಲ್ಲಿ, ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಮತ್ತು ತಳಮಳ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ದಿಕ್ಕು, ಸಮಯ ತಿಳಿಯದಂತಾಗಿ, ಇಲ್ಲದ್ದು ಕಾಣುವ, ಕೇಳುವ ಸ್ಥಿತಿ ಉಂಟಾದರೆ ಅದು ಪ್ರಾಣಾಪಾಯಕರ. ಇಂತಹ ಲಕ್ಷಣ ಕಂಡಲ್ಲಿ 108 ಆಂಬುಲೆನ್ಸ್ ಕರೆದು ಸಮೀಪದ ಸರ್ಕಾರಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಿಂದೆ ಒಮ್ಮೆ ಫಿಟ್ಸ್ ಬಂದಿದ್ದವರು ವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿ ಕುಡಿತ ನಿಲ್ಲಿಸುವ ಪ್ರಯತ್ನ ಮಾಡಬಾರದು.

ಸಹಾಯವಾಣಿಗಳು

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರೀಯ ಉನ್ನತ ಕೇಂದ್ರವಾಗಿದೆ. ಕರೆ ಮಾಡಿದವರು ಕನ್ನಡವನ್ನು ಆಯ್ಕೆ ಮಾಡಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದಲ್ಲಿ ತಜ್ಞರಿಗೆ ಸಂಪರ್ಕ ಕಲ್ಪಿಸಲಾಗುತ್ತದೆ. ಕುಡಿಯುವ ವ್ಯಕ್ತಿ ಒಪ್ಪದಿದ್ದರೂ ಪತ್ನಿ, ತಂದೆ-ತಾಯಿ ಅಥವಾ ಮಕ್ಕಳು ತಾವೇ ಕರೆ ಮಾಡಿ ಸಲಹೆ ಪಡೆಯಬಹುದು. ಜೀವ ಕಳೆದುಕೊಳ್ಳುವ ಮಾತು ಬಂದಲ್ಲಿ ಬೆಳಗಾಗುವವರೆಗೆ ಕಾಯದೆ ಆಗಲೇ ಕರೆ ಮಾಡುವುದು. ವ್ಯಸನಮುಕ್ತಿಗೆಂದೇ 14446 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸ್ವಸಹಾಯ ಕೂಟವು 1935ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದುದು. ಇದಕ್ಕೆ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಸದಸ್ಯರ ಗುರುತನ್ನು ಹೊರಗೆ ತಿಳಿಸುವುದಿಲ್ಲ. ವಿಡಿಯೋ ಮೂಲಕವೂ ಸಭೆಗಳು ನಡೆಯುವುದರಿಂದ, ಊರಿನಲ್ಲಿ ಯಾರಾದರೂ ನೋಡಿಯಾರೆಂಬ ಅಂಜಿಕೆ ಇರುವವರಿಗೆ ಅನುಕೂಲಕರ. ಆದರೆ ಇದು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ.

ಹಕ್ಕುಗಳು ಮತ್ತು ಎಚ್ಚರಿಕೆ

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ವ್ಯಾಖ್ಯೆಯಲ್ಲಿ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಆದುದರಿಂದ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕೇ ಹೊರತು ಔದಾರ್ಯವಲ್ಲ. ಚಿಕಿತ್ಸೆಯ ವಿವರಗಳ ಗೋಪ್ಯತೆಗೂ 23ನೇ ಪ್ರಕರಣದಲ್ಲಿ ರಕ್ಷಣೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದ್ದು, ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬಹುದು. ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು ಅದರ ನೋಂದಣಿ ಪ್ರಮಾಣಪತ್ರವನ್ನು ಕೇಳಿ ನೋಡತಕ್ಕದ್ದು.

ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿ ಅಥವಾ ಹನಿಗಳ ಜಾಹೀರಾತುಗಳನ್ನು ನಂಬಬಾರದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರು ರೋಗಿಯ ಒಪ್ಪಿಗೆಯ ಮೇರೆಗೇ ನೀಡುತ್ತಾರೆ. ಅದರ ಮೇಲೆ ಮದ್ಯ ಸೇವಿಸಿದಲ್ಲಿ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಆರ್ಥಿಕ ಪರಿಹಾರ

ಇ.ಎಸ್.ಐ. ವಿಮಾದಾರರಿಗಾಗಿ 2018ರ ಜುಲೈ 1ರಿಂದ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಜಾರಿಗೆ ಬಂದಿತು. 2020ರಲ್ಲಿ ಪರಿಹಾರವನ್ನು ಸರಾಸರಿ ದಿನಗೂಲಿಯ ಶೇ. 25ರಿಂದ ಶೇ. 50ಕ್ಕೆ ಹೆಚ್ಚಿಸಲಾಯಿತು, ಗರಿಷ್ಠ ಅವಧಿ 90 ದಿನಗಳು. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸಲಾಗುತ್ತಿರುವುದರಿಂದ ಅರ್ಜಿಗೆ ಮುನ್ನ ಇ.ಎಸ್.ಐ. ಶಾಖಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ದುರ್ನಡತೆಯ ಕಾರಣದಿಂದ ವಜಾ ಆದವರಿಗೆ ಈ ಪರಿಹಾರ ದೊರೆಯುವುದಿಲ್ಲ. ಕುಡಿದು ಕೆಲಸಕ್ಕೆ ಬಂದ ಬಗ್ಗೆ ನೋಟಿಸು ಪಡೆದಿರುವ ಕಾರ್ಮಿಕರು ಇದನ್ನು ವಿಶೇಷವಾಗಿ ಗಮನಿಸಿ, ಉದ್ಯೋಗದಲ್ಲಿರುವಾಗಲೇ ಇ.ಎಸ್.ಐ. ಚಿಕಿತ್ಸಾಲಯದ ವೈದ್ಯರನ್ನು ಕಾಣುವುದು ಸೂಕ್ತ.