ಆದಿಲಶಾಹರ ಬಿರುದು

ವಿಜಯಪುರದ ರೇಲ್ವೆ ನಿಲ್ದಾಣದಿಂದ ಸ್ಟೇಷನ್ ರಸ್ತೆಯನ್ನು ಹಿಡಿದು ಊರೊಳಗೆ ಬರುವವನಿಗೆ ಮೊದಲು ಎದುರಾಗುವದು ಮಹಮ್ಮದ ಆದಿಲಶಾಹನ ಗೋಳಗುಮ್ಮಟ. ಅದರ ಗಾತ್ರವನ್ನೂ ಅಲ್ಲಿಯ ಪ್ರತಿಧ್ವನಿಯನ್ನೂ ವರ್ಣಿಸಿದವರು ಅನೇಕರು. ಆದರೆ ಅದರೊಳಗೆ ಮಲಗಿದ ಅರಸನನ್ನು ಮೊಗಲರ ದಫ್ತರದವರು ಅವನ ಆಳಿಕೆಯ ಮೊದಲ ಇಪ್ಪತ್ತು ವರ್ಷಗಳ ವರೆಗೆ ‘ಶಾಹ’ನೆಂದು ಕರೆಯಲೇ ಇಲ್ಲವೆಂಬುದನ್ನು ನೆನೆಯುವವರು ವಿರಳ. ಅವರ ಕಾಗದಪತ್ರಗಳಲ್ಲಿ ಅವನು ಬರಿಯ ಆದಿಲಖಾನ. 1648ರಲ್ಲಿ ಶಾಹಜಹಾನನು ‘ಶಾಹ’ ಎಂಬ ಪದವಿಯನ್ನು ಕೃಪೆಮಾಡಿ ಕಳುಹಿದನು. ತನ್ನ ಮನೆಯಲ್ಲಿ ತಲೆಮಾರುಗಳಿಂದ ಇದ್ದ ಹೆಸರನ್ನೇ ಪರರ ಕೈಯಿಂದ ಉಡುಗೊರೆಯಾಗಿ ಪಡೆದಾಗ ಮಹಮ್ಮದನಿಗೆ ಹಿಗ್ಗಾಯಿತೋ ನಾಚಿಕೆಯಾಯಿತೋ, ಊಹಿಸತಕ್ಕದ್ದೇ ಸರಿ.

ಮೂಲದಲ್ಲಿ ಇದು ವಂಶದ ಹೆಸರಲ್ಲ, ಅಧಿಕಾರದ ಹೆಸರು. ಬಹಮನಿ ಸುಲ್ತಾನರು ತಮ್ಮ ಸರದಾರರಿಗೆ ಕೊಡುತ್ತಿದ್ದ ಬಿರುದುಗಳಲ್ಲಿ ಆದಿಲಖಾನ ಎಂಬುದೊಂದು. ‘ಆದಿಲ’ ಎಂದರೆ ನ್ಯಾಯವಂತನು. ಮಹಮೂದ ಗಾವಾನನ ಆಶ್ರಯದಲ್ಲಿ ಮೇಲೇರಿದ ಯೂಸುಫನು ಈ ಬಿರುದನ್ನು ಹೊತ್ತು ವಿಜಾಪುರ ಪ್ರಾಂತದ ಅಧಿಕಾರಿಯಾಗಿ, 1490ರ ಸುಮಾರಿಗೆ ಸ್ವತಂತ್ರನಾದನು. ಗೋವೆಯ ಪೋರ್ತುಗೀಜರು ಇದನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಹಿದಾಲ್ಕಾವ್’ ಎಂದು ಬರೆದರು. ಅರಸುತನಕ್ಕೆ ಹುಟ್ಟಿನ ಆಧಾರವೂ ಬೇಕಲ್ಲವೇ? ವಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಸ್ತನು, ಯೂಸುಫನು ತುರ್ಕಸ್ತಾನದ ಸುಲ್ತಾನನ ಮಗನೆಂದೂ ಎಳವೆಯಲ್ಲಿ ತಾಯಿಯು ಅವನನ್ನು ಕೊಲೆಯಿಂದ ತಪ್ಪಿಸಿ ಹೊರದೇಶಕ್ಕೆ ಸಾಗಿಸಿದಳೆಂದೂ ಹೇಳುವನು. ಈಚಿನ ಇತಿಹಾಸಕಾರರು ಈ ಕಥೆಯನ್ನು ಅಷ್ಟಾಗಿ ನಂಬುವದಿಲ್ಲ. ಅನ್ನವಿಕ್ಕಿದ ಮನೆಯ ಮೂಲಪುರುಷನನ್ನು ಹೊಗಳುವಾಗ ಲೇಖನಿಯು ಕೊಂಚ ಉದಾರವಾಗುವದು ಸಹಜ.

1510ರಲ್ಲಿ ಯೂಸುಫನು ತೀರಿಕೊಂಡಾಗ ಮಗನಾದ ಇಸ್ಮಾಯಿಲನು ಇನ್ನೂ ಬಾಲಕ. ರಾಜ್ಯಭಾರವನ್ನು ವಹಿಸಿಕೊಂಡ ಕಮಾಲಖಾನನು ತಾನೇ ಗದ್ದುಗೆಯೇರುವ ಹವಣಿಕೆಯಲ್ಲಿದ್ದನು. ಇಸ್ಮಾಯಿಲನ ತಾಯಿ ಪುಂಜಿ ಖಾತೂನಳು ಮುಕುಂದರಾವನೆಂಬ ಮರಾಠಾ ಸರದಾರನ ಮಗಳು. ಅವಳು ಅಂತಃಪುರದಲ್ಲಿದ್ದುಕೊಂಡೇ ನಂಬಿಗಸ್ತನಾದ ಸೇವಕನೊಬ್ಬನನ್ನು, ಮಕ್ಕಾ ಯಾತ್ರೆಗೆ ಅಪ್ಪಣೆ ಬೇಡುವ ನೆವದಿಂದ, ಕಮಾಲಖಾನನ ಬಳಿಗೆ ಕಳುಹಿದಳು. ಬೀಳ್ಕೊಡುವ ವೀಳ್ಯಕ್ಕಾಗಿ ಕೈ ಮುಂದಾದ ಕ್ಷಣದಲ್ಲಿ ಕಠಾರಿಯು ತನ್ನ ಕೆಲಸ ಮಾಡಿತು. ಸತ್ತವನ ತಾಯಿಯೂ ಸಾಮಾನ್ಯಳಲ್ಲ. ಹೆಣವನ್ನು ಸಿಂಗರಿಸಿ ಬದುಕಿರುವವನಂತೆ ಜನರಿಗೆ ತೋರುವ ಹಾಗೆ ಕುಳ್ಳಿರಿಸಿ, ಮೊಮ್ಮಗನಿಂದ ಅರಮನೆಗೆ ಮುತ್ತಿಗೆ ಹಾಕಿಸಿದಳೆಂದು ಫಿರಿಸ್ತನು ಬರೆದಿರುವನು. ಮುತ್ತಿಗೆ ಮುರಿಯಿತು, ಬಿರುದು ಯೂಸುಫನ ಮನೆಯಲ್ಲಿ ಉಳಿಯಿತು. ಉಳಿಸಿದವಳು ಒಬ್ಬ ವಿಧವೆ.

ಅದೇ ಪುಂಜಿ ಖಾತೂನಳು 1534ರಲ್ಲಿ ಮತ್ತೊಮ್ಮೆ ಗದ್ದುಗೆಯ ಮಾತಿಗೆ ಕೈಹಾಕಬೇಕಾಯಿತು. ಇಸ್ಮಾಯಿಲನ ತರುವಾಯ ಪಟ್ಟಕ್ಕೆ ಬಂದ ಅವನ ಮಗ ಮಲ್ಲೂ ದುರ್ವ್ಯಸನಿ. ಕೆಲವೇ ತಿಂಗಳಲ್ಲಿ ಸರದಾರರೆಲ್ಲ ಬೇಸತ್ತರು. ಮಗನಿಗಾಗಿ ಪ್ರಾಣವನ್ನೇ ಪಣವಾಗಿಟ್ಟವಳು ಮೊಮ್ಮಗನ ಕಣ್ಣು ಕೀಳಿಸುವದಕ್ಕೆ ಸಮ್ಮತಿಯಿತ್ತಳು. ಮಲ್ಲೂವಿನ ತಮ್ಮನಾದ ಮೊದಲನೆಯ ಇಬ್ರಾಹಿಮನು ಅರಸನಾದನು. ಹಿರಿಯ ಮಗನಿಗೆ ಪಟ್ಟವೆಂಬ ಕಟ್ಟಳೆಯು ಎಷ್ಟು ಸಡಿಲಾದದ್ದೆಂಬುದು ಇದರಿಂದ ತಿಳಿಯುವದು.

ಒಂದನೆಯ ಅಲಿಗೆ ಮಕ್ಕಳಿರಲಿಲ್ಲ. ಅವನು ತನ್ನ ತಮ್ಮನ ಮಗನಾದ ಇಬ್ರಾಹಿಮನನ್ನು ಉತ್ತರಾಧಿಕಾರಿಯೆಂದು ಗೊತ್ತುಮಾಡಿದ್ದನು. 1580ರಲ್ಲಿ ಅಲಿಯ ಕೊಲೆಯಾದಾಗ ಹುಡುಗನಿಗೆ ಒಂಬತ್ತು ವರ್ಷ. ಚಾಂದಬೀಬಿಯು ಅವನನ್ನು ಕಾದಳು. ಆ ಕಾವಲಿಗಾಗಿ ಸಾತಾರೆಯ ಕೋಟೆಯಲ್ಲಿ ಸೆರೆಯನ್ನೂ ಉಂಡಳು. 1590ರಲ್ಲಿ ದಿಲಾವರಖಾನನನ್ನು ಹೊರಗಟ್ಟುವ ವರೆಗೆ ‘ಜಗದ್ಗುರು’ವೆನಿಸಿದ ಆ ಅರಸನು ಹೆಸರಿಗಷ್ಟೇ ಅರಸ. ಅವನು ಕಾಲವಾದಾಗ, 1627ರಲ್ಲಿ, ಹಿರಿಯ ಮಗನಾದ ದರ್ವೇಶನನ್ನು ಬಿಟ್ಟು ಹದಿನೈದರ ಹರೆಯದ ಮಹಮ್ಮದನಿಗೆ ಪಟ್ಟವಾಯಿತು. ದರ್ವೇಶನ ಕಣ್ಣುಗಳು ಹೋದವು.

ಮಹಮ್ಮದನು 1656ರ ನವಂಬರದಲ್ಲಿ ತೀರಿಕೊಂಡನು. ಹಿರಿಯ ಬೇಗಮಳಾದ ಬಡೀ ಸಾಹೇಬಳ ಆಸರೆಯಿಂದ ಹದಿನೆಂಟರ ಎರಡನೆಯ ಅಲಿಯು ಗದ್ದುಗೆಯೇರಿದನು. ದಖ್ಖಣದ ಸುಭೇದಾರನಾಗಿದ್ದ ಔರಂಗಜೇಬನು ಒಡನೆಯೇ ಒಂದು ತಕರಾರನ್ನು ಎತ್ತಿದನು: ಅಲಿಯು ಮಹಮ್ಮದನ ಮಗನೇ ಅಲ್ಲ, ಆದುದರಿಂದ ಪಟ್ಟ ಸಲ್ಲದು. 1648ರಲ್ಲಿ ಬಿರುದನ್ನು ಕೊಟ್ಟ ಕೈಗೆ ಅದನ್ನು ವಿಚಾರಿಸುವ ಹಕ್ಕೂ ಇದೆಯೆಂಬುದು ಇಲ್ಲಿಯ ತರ್ಕ. 1657ರಲ್ಲಿ ಬೀದರವೂ, ಶರಣರ ಕಲ್ಯಾಣವೂ ಮೊಗಲರ ವಶವಾದವು. ಆಮೇಲೆ ಶಾಹಜಹಾನನ ಬೇನೆಯ ಸುದ್ದಿ ಬಂದು ಔರಂಗಜೇಬನ ಚಿತ್ತವು ಉತ್ತರಕ್ಕೆ ಹರಿಯಿತು. ಹುಟ್ಟಿನ ಸಂಶಯವು ಅಲ್ಲಿಗೆ ನಿಂತಿತು! ಅದು ನಿಜವಾದ ಸಂಶಯವಾಗಿದ್ದರೆ ಇಷ್ಟು ಸುಲಭವಾಗಿ ನಿಲ್ಲುತ್ತಿತ್ತೇ?

ಇಂಥ ತಂತ್ರವು ಹಿಂದುಸ್ಥಾನಕ್ಕಷ್ಟೇ ಮೀಸಲಾದದ್ದಲ್ಲ. ಐರ್ಲೆಂಡಿನ ಅಲ್ಸ್ಟರ್ ಪ್ರಾಂತದ ಓನೀಲ್ ಕುಲದವರಲ್ಲಿ ಒಡೆಯನನ್ನು ಕುಲದವರೇ ಕೂಡಿ ಆರಿಸುವ ವಾಡಿಕೆಯಿತ್ತು. 1542ರಲ್ಲಿ ಕಾನ್ ಓನೀಲನು ಕುಲದ ಬಿರುದನ್ನು ಎಂಟನೆಯ ಹೆನ್ರಿಗೆ ಒಪ್ಪಿಸಿ, ಅವನಿಂದ ಟೈರೋನಿನ ಅರ್ಲ್ ಎಂಬ ಹೊಸ ಪದವಿಯನ್ನು ಪಡೆದನು. ಸನದಿನಲ್ಲಿ ಉತ್ತರಾಧಿಕಾರಿಯೆಂದು ಮ್ಯಾಥ್ಯೂ ಎಂಬವನ ಹೆಸರು ಸೇರಿತು. ಕಾನನ ಇನ್ನೊಬ್ಬ ಮಗನಾದ ಶೇನನು, ಮ್ಯಾಥ್ಯೂ ತನ್ನ ತಂದೆಯ ಮಗನಲ್ಲ, ಕಮ್ಮಾರನೊಬ್ಬನ ಮಗನೆಂದು ಸಾರಿದನು. 1558ರಲ್ಲಿ ಮ್ಯಾಥ್ಯೂ ಕೊಲೆಯಾದನು. ಮರುವರ್ಷ ಕುಲದವರು ಶೇನನನ್ನೇ ಓನೀಲನೆಂದು ಎತ್ತಿಹಿಡಿದರು. ಅಲ್ಲಿ ಒಡಹುಟ್ಟಿದವನು ಆಡಿದ ಮಾತನ್ನೇ ಇಲ್ಲಿ ನೆರೆಯ ಪ್ರಭುವು ಆಡಿದನು.

ಅಲಿಯು 1672ರಲ್ಲಿ ತೀರಿಕೊಂಡನು. ಬಾರಾಕಮಾನದ ಮುಗಿಯದ ಕಮಾನುಗಳು ಅವನ ಗೋರಿಯ ಸುತ್ತ ಇಂದಿಗೂ ನಿಂತಿವೆ. ಮಗ ಸಿಕಂದರನಿಗೆ ಆಗ ನಾಲ್ಕು ವರ್ಷ. ಖವಾಸಖಾನ, ಬಹಲೋಲಖಾನ, ಸಿದ್ದಿ ಮಸೂದ ಇವರು ಒಬ್ಬರಾದ ಮೇಲೊಬ್ಬರು ಅವನ ಹೆಸರಿನಲ್ಲಿ ಆಳಿದರು. ಈ ಸಲ ಹುಡುಗನ ಬೆನ್ನಿಗೆ ನಿಲ್ಲಲು ಪುಂಜಿ ಖಾತೂನಳಾಗಲಿ ಚಾಂದಬೀಬಿಯಾಗಲಿ ಇರಲಿಲ್ಲ. 1685ರ ಎಪ್ರಿಲದಲ್ಲಿ ಹಾಕಿದ ಮೊಗಲರ ಮುತ್ತಿಗೆಯು 1686ರ ಸಪ್ಟಂಬರ 12ರಂದು ಕೋಟೆಯ ಶರಣಾಗತಿಯಿಂದ ಮುಗಿಯಿತು. ಹದಿನೆಂಟು ವರ್ಷದ ಸಿಕಂದರನು ಔರಂಗಜೇಬನ ಡೇರೆಗೆ ಬಂದನು. ಬಾದಶಹನು ಅವನಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ತನಖೆಯನ್ನು ಗೊತ್ತುಮಾಡಿ, ಒಂದು ಪದವಿಯನ್ನೂ ದಯಪಾಲಿಸಿದನು. ಆ ಪದವಿ ‘ಖಾನ’ ಎಂಬುದು. ಯೂಸುಫನು ಬಹಮನಿ ದೊರೆಯಿಂದ ಪಡೆದದ್ದೂ ಅದನ್ನೇ.

ಸಿಕಂದರನು ದೌಲತಾಬಾದದ ಸೆರೆಯಲ್ಲಿಯೂ ಮೊಗಲರ ದಂಡಿನ ಬೆನ್ನಲ್ಲಿಯೂ ಹದಿಮೂರು ವರ್ಷಗಳನ್ನು ಕಳೆದು, 1700ರ ಎಪ್ರಿಲದಲ್ಲಿ ಸಾತಾರೆಯ ಹತ್ತಿರ ಕಣ್ಣುಮುಚ್ಚಿದನು. ಅವನ ಶವವನ್ನು ವಿಜಾಪುರಕ್ಕೆ ತಂದು, ಅವನ ಗುರುಗಳಾದ ಶೇಖ ಫಹೀಮುಲ್ಲಾ ಅವರ ಪಾದದ ಬದಿಯಲ್ಲಿ ಹೂಳಿದರು. ಆ ಸ್ಥಳಕ್ಕೆ ಸುತ್ತ ಗೋಡೆಯಿತ್ತು, ಮೇಲೆ ಚಾವಣಿಯಿರಲಿಲ್ಲ.