ಇಂಗ್ಲಿಷ್ ಬಾರದ ಪಂಡಿತರ ಷೇಕ್ಸ್‌ಪಿಯರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆಯಬೇಕೆಂದಾಗ ನೆನಪಾದದ್ದು ಒಂಬತ್ತನೆಯ ತರಗತಿಯ ಒಂದು ಮಧ್ಯಾಹ್ನ. ನಮ್ಮ ಕನ್ನಡ ಮೇಷ್ಟ್ರು, "ಇಂಗ್ಲಿಷ್ ಬಾರದವರೊಬ್ಬರು ಷೇಕ್ಸ್‌ಪಿಯರನ್ನ ಕನ್ನಡಕ್ಕೆ ತಂದರು, ಗೊತ್ತೇನ್ರೋ?" ಎಂದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ಅವರು ಬಸವಪ್ಪ ಶಾಸ್ತ್ರಿಗಳು (1843–1891). ಮೈಸೂರು ಆಸ್ಥಾನದ ವಿದ್ವಾಂಸರು. ಶಾಕುಂತಲವನ್ನು ಕನ್ನಡಿಸಿ 'ಅಭಿನವ ಕಾಳಿದಾಸ' ಎನಿಸಿಕೊಂಡವರು. ಮೈಸೂರು ಸಂಸ್ಥಾನಗೀತೆ 'ಕಾಯೌ ಶ್ರೀಗೌರಿ'ಯೂ ಅವರದೇ. ದಸರೆಯಲ್ಲಿ ಆ ಹಾಡು ಕೇಳಿದ ಎಷ್ಟು ಮಂದಿಗೆ ಬರೆದವರ ಹೆಸರು ಗೊತ್ತು? ಅವರ 'ಶೂರಸೇನ ಚರಿತ್ರೆ'ಯನ್ನಂತೂ ಈಗ ಕೇಳುವವರೇ ಇಲ್ಲ.

ಅದು 'ಒಥೆಲೊ' ನಾಟಕದ ರೂಪಾಂತರ. ಸಿ. ಸುಬ್ಬರಾಯರು ಮೂಲದ ಅರ್ಥವನ್ನು ಕನ್ನಡ ಗದ್ಯದಲ್ಲಿ ಒದಗಿಸಿದರು, ಶಾಸ್ತ್ರಿಗಳು ಅದಕ್ಕೆ ನಾಟಕದ ಮೈ ಕೊಟ್ಟರು. ಅಚ್ಚಾದದ್ದು 1895ರಲ್ಲಿ, ಆ ವೇಳೆಗೆ ಶಾಸ್ತ್ರಿಗಳು ಇರಲಿಲ್ಲ.

ಇದನ್ನು ಬರಿಯ ರೂಪಾಂತರವೆಂದು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ಶಾಕುಂತಲದಲ್ಲಿ ಹೆಂಡತಿಯ ಉಂಗುರ ನೀರಿಗೆ ಜಾರುತ್ತದೆ, ಗಂಡ ಅವಳನ್ನು ಗುರುತಿಸುವುದಿಲ್ಲ. ಮೀನಿನ ಹೊಟ್ಟೆಯಿಂದ ಉಂಗುರ ಬಂದ ಮೇಲೆ ಮರೆವು ಹರಿಯುತ್ತದೆ. ಒಥೆಲೊದಲ್ಲಿ ಬೀಳುವುದು ಒಂದು ಕರವಸ್ತ್ರ. ಅದೂ ಸಿಗುತ್ತದೆ, ಆದರೆ ಸಿಕ್ಕದ್ದೇ ಹೆಂಡತಿಯ ಕೊಲೆಗೆ ದಾರಿ. ರಂಗದ ಮೇಲೆ ಸಾವನ್ನು ತೋರಿಸಬಾರದೆನ್ನುವ ಸಂಸ್ಕೃತ ನಾಟಕಶಾಸ್ತ್ರದಲ್ಲಿ ಬೆಳೆದವರು ಈ ಕಥೆಗೆ ಕೈಹಾಕಿದ್ದು ಸಣ್ಣ ಮಾತಲ್ಲ. ಉಂಗುರದ ಕಥೆ ಬಲ್ಲವರಿಗೆ ಕರವಸ್ತ್ರದ ಕಥೆ ತೀರ ಪರಕೀಯವೂ ಆಗಿರಲಾರದು ಎಂದು ನನ್ನ ಊಹೆ.

ನಾನು ಬಿಇಗೆ ಸೇರಿದ ಮೊದಲ ಸೆಮಿಸ್ಟರಿನಲ್ಲಿ ತರಗತಿಯ ಇಂಗ್ಲಿಷ್ ಅರ್ಧಕ್ಕರ್ಧ ತಲೆಗೆ ಹೋಗುತ್ತಿರಲಿಲ್ಲ. ಎದ್ದು ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿನಿಂದ ನಗು. ಎರಡು ಸಲ ಬ್ಯಾಗು ಕಟ್ಟಿ ಊರಿಗೆ ಹೊರಟಿದ್ದೆ. ರಾತ್ರಿ ರೂಮ್‌ಮೇಟ್ ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದ, ಪ್ರೋಗ್ರಾಂ ನಾನು ಬರೆಯುತ್ತಿದ್ದೆ. ಅವನದಕ್ಕಿಂತ ನನ್ನದೇ ಬೇಗ ಓಡುತ್ತಿತ್ತು (ಅವನು ಇದನ್ನು ಈಗಲೂ ಒಪ್ಪುವುದಿಲ್ಲ). ಶಾಸ್ತ್ರಿಗಳ ಹೆಸರಾದರೂ ಉಳಿಯಿತು. ಪಕ್ಕದಲ್ಲಿ ಕುಳಿತು ಅರ್ಥ ಹೇಳಿದ ಸುಬ್ಬರಾಯರ ಹೆಸರು ನನಗೆ ತಿಳಿದದ್ದು ತೀರ ಈಚೆಗೆ. ತಿಳಿದ ಆ ರಾತ್ರಿಯೇ ಗೆಳೆಯನಿಗೆ ಫೋನ್ ಮಾಡಿದೆ. "ಏನೋ, ಇಷ್ಟು ಹೊತ್ತಲ್ಲಿ?" ಎಂದ.