ಅರಿಶಿನದ ಬಣ್ಣ ಮತ್ತು ವ್ಯಾಪಾರದ ಪ್ರಾಮಾಣಿಕತೆ

ದವಸದ ರಾಶಿಯೊಂದರೊಳಗೆ ಪ್ರವಾದಿ ಮುಹಮ್ಮದ್(ಸ)ರು ಕೈಯಿಟ್ಟಾಗ ಬೆರಳಿಗೆ ತೇವ ತಾಗಿದ ಪ್ರಸಂಗ ನಮಗೆಲ್ಲ ಪರಿಚಿತ. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು. ಮುಂದೆ ಮುಸ್ಲಿಮ್ ನಗರಗಳಲ್ಲಿ ಈ ತಪಾಸಣೆಗೆಂದೇ ‘ಮುಹ್ತಸಿಬ್’ ಎಂಬ ಅಧಿಕಾರಿಯಿದ್ದನು. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿಯವರು ರಚಿಸಿದ ಹಿಸ್ಬಾ ಕೈಪಿಡಿಯು ಔಷಧಿ ಹಾಗೂ ಸುಗಂಧದ್ರವ್ಯಗಳ ಕಲಬೆರಕೆಯನ್ನು ಪತ್ತೆಹಚ್ಚುವ ಬಗೆಯನ್ನು ವಿವರಿಸುತ್ತದೆ.

ಅರಬರ ‘ಕುರ್ಕುಮ್’ ಮೂಲತಃ ಕೇಸರಿಯ ಹೆಸರು. ಬಣ್ಣದ ಸಾಮ್ಯದಿಂದ ಅರಿಶಿನಕ್ಕೂ ಸಂದಿತು. ಇಂದಿನ ‘ಕರ್ಕ್ಯುಮಿನ್’ ಪದದ ಬೇರು ಇದೇ. ಬಣ್ಣವೇ ಅರಿಶಿನದ ಬೆಲೆ. ಮೋಸವೂ ಅಲ್ಲಿಂದಲೇ ಪ್ರವೇಶಿಸಿತು.

1980ರ ದಶಕದಲ್ಲಿ ಬಾಂಗ್ಲಾದೇಶದ ಪ್ರವಾಹದಲ್ಲಿ ಅರಿಶಿನದ ಕೊಂಬುಗಳು ನೆನೆದು ಮಂಕಾದವು. ಮತ್ತೆ ನೀರು, ಮತ್ತೆ ಮರೆಮಾಚುವಿಕೆ! ಹೊಳಪು ನೀಡುವ ಗಿರಣಿಗಳಲ್ಲಿ ಅವುಗಳಿಗೆ ಸೀಸದ ಕ್ರೋಮೇಟ್ ಎಂಬ ಹಳದಿ ವರ್ಣದ್ರವ್ಯವನ್ನು ಲೇಪಿಸತೊಡಗಿದರು. ಅದು ಬಣ್ಣದ ಕಾರ್ಖಾನೆಯ ವಸ್ತು, ಅಡುಗೆಮನೆಯದಲ್ಲ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಗರ್ಭದಲ್ಲಿರುವ ಶಿಶುವನ್ನೂ ಬಿಡುವುದಿಲ್ಲ. ಗ್ರಾಮೀಣ ಗರ್ಭಿಣಿಯರ ರಕ್ತದಲ್ಲಿದ್ದ ಸೀಸಕ್ಕೆ ಅರಿಶಿನವೇ ಮುಖ್ಯ ಮೂಲವೆಂದು 2019ರಲ್ಲಿ ಸಂಶೋಧಕರು ತೋರಿಸಿದರು. ತಮ್ಮ ಕೈಯಾರೆ ಸಾರಿಗೆ ಹಾಕಿದ ಚಿಟಿಕೆಯದು! ಅದೇ ವರ್ಷ ಸರಕಾರವು ಪ್ರಚಾರ ಕೈಗೊಂಡು, ಢಾಕಾದ ಶ್ಯಾಮ್‌ಬಜಾರ್ ಸಗಟು ಮಾರುಕಟ್ಟೆಯ ಮೇಲೆ ದಾಳಿ ನಡೆಸಿ, ತಪ್ಪಿತಸ್ಥರಿಗೆ ದಂಡ ವಿಧಿಸಿತು. 2019ರಲ್ಲಿ ಮಾರುಕಟ್ಟೆಯ ಮಾದರಿಗಳ ಪೈಕಿ ಶೇ. 47ರಲ್ಲಿ ಸೀಸವಿತ್ತು, 2021ರಲ್ಲಿ ಒಂದರಲ್ಲಿಯೂ ಇರಲಿಲ್ಲ. ಮುಹ್ತಸಿಬ್‌ನ ಕೆಲಸವನ್ನು ಯಾರಾದರೂ ಮಾಡಿದರೆ ಫಲವಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನಾನು ಕಂಡಿಲ್ಲ.

ಕಲಬೆರಕೆಯಿಲ್ಲದ ಅರಿಶಿನವೂ ಕ್ಯಾಪ್ಸೂಲಿಗೆ ಸೇರಿದಾಗ ಬೇರೆಯೇ ವಸ್ತುವಾಗುತ್ತದೆ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3 ಮಾತ್ರ, ದೇಹ ಹೀರುವುದು ಅದರಲ್ಲಿಯೂ ಅತ್ಯಲ್ಪ. ಕರಿಮೆಣಸಿನ ಪೈಪರಿನ್ ಬೆರೆಸಿದರೆ ಮನುಷ್ಯರಲ್ಲಿ ಈ ಹೀರಿಕೆ ಶೇ. 2000ದಷ್ಟು ಏರುವುದೆಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನವು ತಿಳಿಸಿತು. ಮಾತ್ರೆ ತಯಾರಕರಿಗೆ ಇದು ವರವಾಯಿತು; ಯಕೃತ್ತಿಗೆ ಹಾಗೆಂದು ಹೇಳಲಾಗದು. 2019ರಲ್ಲಿ ಇಟಲಿಯಲ್ಲಿ ಇಂತಹ ಮಾತ್ರೆ ಸೇವಿಸಿದ ಹಲವರಿಗೆ ಹೆಪಟೈಟಿಸ್ ಕಾಣಿಸಿಕೊಂಡಿತು. ಯಕೃತ್ತು, ಪಿತ್ತಕೋಶದ ತೊಂದರೆಯುಳ್ಳವರು ಸೇವಿಸಬಾರದೆಂದೂ, ಬೇರೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಬೇಕೆಂದೂ ಅಲ್ಲಿನ ಸರಕಾರವು ಲೇಬಲಿನಲ್ಲಿ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು.

ನಮ್ಮ ಮನೆಗಳ ಹಿರಿಯರಾದರೋ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೇ ಇದನ್ನೂ ನುಂಗುತ್ತಾರೆ. ಯಾವ ಔಷಧಿ ಸೇವಿಸುತ್ತೀರೆಂದು ವೈದ್ಯರು ಕೇಳಿದಾಗ ಇದರ ಹೆಸರು ಹೇಳುವುದಿಲ್ಲ. ಅರಿಶಿನವೂ ಒಂದು ಔಷಧಿಯೇ ಎಂದು ನಗುತ್ತಾರೆ.